ಊರು ಲೆಕ್ಕಕ್ಕೆ ಹಿಡಿಯದವರು

ಮಗೂ, ಕೆಲಸಕ್ಕೆ ಸೇರಿದ ಮೇಲೆ ಕನ್ನಡ ಕಾದಂಬರಿ ಓದುವ ಆಸೆ ಹುಟ್ಟಿದೆ, ಯಾವುದರಿಂದ ಶುರು ಮಾಡಲಿ ದೊಡ್ಡಪ್ಪ ಎಂದು ಕೇಳಿದ್ದೀಯ. ಪ್ರಶಸ್ತಿಗಳ ಪಟ್ಟಿ ಹಿಡಿದುಕೊಂಡು ಹೊರಡಬೇಡ. ಹಾಗೆ ಓದಲು ಕೂತವರು ಅರ್ಧಕ್ಕೆ ಬರುವ ಮೊದಲೇ ಆಕಳಿಸುವುದನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲು ತೇಜಸ್ವಿಯವರ ‘ಕರ್ವಾಲೊ’ ಓದು. 1980ರಲ್ಲಿ ಬಂದ ತೆಳ್ಳನೆಯ ಪುಸ್ತಕ, ಒಂದು ಭಾನುವಾರ ಸಾಕು. ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ಹೊಕ್ಕವರ ಕಥೆ ಎಂದು ಎಲ್ಲರೂ ಹೇಳುತ್ತಾರೆ, ನಿಜವೇ. ನೀನು ಮಾತ್ರ ಮಂದಣ್ಣನ ಮೇಲೆ ಒಂದು ಕಣ್ಣಿಟ್ಟಿರು. ಊರವರ ಪಾಲಿಗೆ ಅವನು ಉಂಡಾಡಿ. ವಿಜ್ಞಾನಿ ಕರ್ವಾಲೊಗೆ ಅವನೊಬ್ಬ ಹುಟ್ಟು ನಿಸರ್ಗತಜ್ಞ. ನಾಳೆ ನಿನ್ನ ಕೈಕೆಳಗೂ ನಾಲ್ಕು ಜನ ಬರುತ್ತಾರೆ. ಅವರಲ್ಲಿ ಮಂದಣ್ಣ ಯಾರು ಎಂದು ಗುರುತಿಸುವುದನ್ನು ಯಾವ ಟ್ರೈನಿಂಗಿನಲ್ಲೂ ಹೇಳಿಕೊಡುವುದಿಲ್ಲ. ಕಾದಂಬರಿ ಓದು ಎಂದು ನಾನು ನಿನ್ನ ಬೆನ್ನು ಹತ್ತುವುದು ಇಂಥವರಿಗಾಗಿಯೇ. ಊರು ಲೆಕ್ಕಕ್ಕೆ ಹಿಡಿಯದವರನ್ನು ಕಾದಂಬರಿಕಾರ ನೂರಾರು ಪುಟ ಬಿಡದೆ ನೋಡುತ್ತಾನೆ, ನಮ್ಮನ್ನೂ ಕೂರಿಸಿ ನೋಡಿಸುತ್ತಾನೆ.

ಆಮೇಲೆ ಭೈರಪ್ಪನವರ ‘ಗೃಹಭಂಗ’. ಅವರ ಹಲವು ಕಾದಂಬರಿಗಳ ಜೊತೆ ನನಗೆ ಜಗಳವಿದೆ. ಇದರ ಮುಂದೆ ಜಗಳ ಮಾಡಲು ಬಾಯಿ ಬರುವುದಿಲ್ಲ. ನಂಜಮ್ಮನ ಗಂಡ ಹೆಸರಿಗೆ ಶಾನುಭೋಗ, ಲೆಕ್ಕ ಬರೆಯುವ ಕೈ ಇವಳದು. ಬರೆದ ಹೊತ್ತು ಬರೆದು, ಉಳಿದ ಹೊತ್ತಿನಲ್ಲಿ ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕುತ್ತಾಳೆ. ಅತ್ತೆಯ ಬಾಯಿ, ಗಂಡನ ಹೊಟ್ಟೆಬಾಕತನ, ಬರ, ಕೊನೆಗೆ ಪ್ಲೇಗು. ಬೆಳೆದ ಮಗಳನ್ನೂ ಮಗನನ್ನೂ ಆ ಮಾರಿ ಒಯ್ದ ಭಾಗ ಬಂದಾಗ ಪುಸ್ತಕ ಮುಚ್ಚಿಟ್ಟು ಹೊರಗೆ ತಿರುಗಾಡಿ ಬಾ, ತಪ್ಪೇನಿಲ್ಲ. ಆದರೆ ಅಳುವುದಕ್ಕೆಂದು ಇದನ್ನು ಓದಬೇಡ. ಅವಳು ಲೆಕ್ಕದ ಪುಸ್ತಕಕ್ಕೆ ಗೆರೆ ಹಾಕುವುದನ್ನು ನೋಡು. ಮನೆಯೊಳಗೆ ಒಬ್ಬರೂ ಮೆಚ್ಚದ ಕೆಲಸವನ್ನು ಒಂದು ಗೆರೆ ಓರೆಯಾಗದಂತೆ ಮಾಡಿದವಳು ಅವಳು. ನಮ್ಮ ಮನೆಗಳಲ್ಲೂ ಇಂಥ ಹೆಂಗಸರಿದ್ದರು. ಯಾರೆಂದು ನಿಮ್ಮಮ್ಮನನ್ನು ಕೇಳು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರದ್ದು, ದಪ್ಪ ನೋಡಿ ಹೆದರಬೇಡ. ತೊಡಕಾಗುವುದು ದಪ್ಪದಿಂದಲ್ಲ, ಮನೆಗಳಿಂದ. ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು, ಎದುರಿಗೆ ಆಯಾ ಮನೆಯವರ ಹೆಸರು ಹಾಕುತ್ತಾ ಹೋಗು. ನಿಧಾನವಾದರೆ ಆಗಲಿ, ಆ ಪುಸ್ತಕಕ್ಕೇ ಅವಸರವಿಲ್ಲ. ರಾಮಾಯಣ ಬರೆದ ಕವಿ ಇಲ್ಲಿ ಹೆಗ್ಗಡೆಯವರ ಆಳು ಗುತ್ತಿಯ ಹಿಂದೆ ನಡೆಯುತ್ತಾನೆ. ಗುತ್ತಿಯ ನಾಯಿ ಹುಲಿಯನಿಗೂ ಹೆಗ್ಗಡೆಗಳಷ್ಟೇ ಜಾಗ. ಆ ನಾಯಿ ತುಂಗೆಯ ನೆರೆಗೆ ಸಿಕ್ಕುವ ಪುಟಗಳನ್ನು ಬಸ್ಸಿನಲ್ಲಿ ಕೂತು ಓದಬೇಡ, ಅಕ್ಕಪಕ್ಕದವರು ಗಾಬರಿಯಾದಾರು.

‘ಸಂಸ್ಕಾರ’ ಈಗ ಬೇಡ. ಎಲ್ಲರೂ ಅದನ್ನೇ ಮೊದಲು ಹೇಳುತ್ತಾರೆ, ಗೊತ್ತು. ತನ್ನ ಒಳ್ಳೆಯತನಕ್ಕೆ ಪರೀಕ್ಷೆಯೇ ಆಗಿರಲಿಲ್ಲ ಎಂದು ಅದರ ನಾಯಕ ಪ್ರಾಣೇಶಾಚಾರ್ಯರಿಗೆ ತಡವಾಗಿ ತಿಳಿಯುತ್ತದೆ. ಅದು ತಟ್ಟಬೇಕಾದರೆ ಓದುವವರಿಗೂ ಸ್ವಲ್ಪ ವಯಸ್ಸಾಗಬೇಕು. ಮೂವತ್ತು ದಾಟಲಿ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ನನ್ನ ಕಪಾಟಿನಲ್ಲೇ ಇದೆ. ಬಾಲವಿಧವೆಯೊಬ್ಬಳ ಬಾಳು, ಲೇಖಕಿ ತಮ್ಮ ಬಂಧುವೊಬ್ಬರನ್ನೇ ನೆನೆದು ಬರೆದದ್ದು. ಹಬ್ಬಕ್ಕೆ ಬಂದಾಗ ತೆಗೆದುಕೊಂಡು ಹೋಗು. ಉಳಿದ ಮೂರನ್ನು ಮಾತ್ರ ಸ್ವಂತ ಸಂಬಳದಲ್ಲಿ ಕೊಳ್ಳು. ಮೊಬೈಲಿನಲ್ಲಿ ಯಾರೋ ಕಳಿಸಿದ ಕದ್ದ ಪ್ರತಿಯಲ್ಲಿ ಓದಿದೆ ಎಂದು ನನ್ನೆದುರು ಹೇಳಬೇಡ.