ಹಳೆಯ ಯಂತ್ರಕ್ಕೆ ಹೊಸ ತಲೆ

ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಓದುವ ವಿದ್ಯಾರ್ಥಿಯು ಯಂತ್ರದ ವಿಷಯ ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜವೇ. "ಒಂದು ಕವನವನ್ನೋ ಪ್ರವಾಸಕಥನವನ್ನೋ ಕೊಡಬಾರದೆ?" ಎಂದು ಗೆಳೆಯರೂ ಕೇಳಿದರು. ಆದರೆ ಕಳೆದ ಹದಿನಾಲ್ಕು ತಿಂಗಳು ನಾನು ಪಠ್ಯಪುಸ್ತಕಗಳಷ್ಟೇ ಶ್ರದ್ಧೆಯಿಂದ, ನಿಜ ಹೇಳಬೇಕೆಂದರೆ ಅದಕ್ಕಿಂತ ತುಸು ಹೆಚ್ಚು ಶ್ರದ್ಧೆಯಿಂದ, ಓದಿದುದು ನಮ್ಮ ಹಿತ್ತಿಲಿನಲ್ಲಿರುವ ಒಂದು ಹಳೆಯ ಯಂತ್ರವನ್ನು. ಅದರಿಂದ ಕಲಿತುದನ್ನು ಇಲ್ಲಿ ನಿವೇದಿಸುತ್ತೇನೆ.

ನಮ್ಮೂರು ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ. ಶನಿಮಹಾತ್ಮನ ದೇವಸ್ಥಾನದಿಂದಾಗಿ ಊರಿನ ಹೆಸರು ಹಲವರಿಗೆ ಗೊತ್ತು. ತಂದೆಯವರದು ಮರಗೆಲಸ. ಅವರು ಓದಿದುದು ಏಳನೆಯ ತರಗತಿ; ತಾಯಿಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ; ಮನೆತನದಲ್ಲಿ ಪದವಿ ಪರೀಕ್ಷೆಗೆ ಕುಳಿತುಕೊಳ್ಳುವವರಲ್ಲಿ ನಾನೇ ಮೊದಲಿಗ. ಈಚಿನ ಐದಾರು ವರ್ಷಗಳಲ್ಲಿ ಮನೆ ಕಟ್ಟುವವರು ಯಂತ್ರದಲ್ಲಿ ಕೆತ್ತಿದ ಬಾಗಿಲುಗಳನ್ನು ಪೇಟೆಯಿಂದ ಕೊಂಡು ತರತೊಡಗಿದರು. ತಂದೆಯವರು ಹದಿನೈದು ದಿನ ಕೂತು ಕೆತ್ತುವ ಬಳ್ಳಿಯನ್ನು ಆ ಯಂತ್ರ ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತದೆ. ಈ ಮಾತನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಉಳಿಗಳ ಪೆಟ್ಟಿಗೆ ವಾರಗಟ್ಟಲೆ ಮುಚ್ಚಿಯೇ ಇರುತ್ತಿದ್ದುದನ್ನು ಮಾತ್ರ ಎಲ್ಲರೂ ಕಾಣುತ್ತಿದ್ದೆವು.

ಆ ಯಂತ್ರಕ್ಕೆ ಸಿ.ಎನ್.ಸಿ. ರೌಟರ್ ಎಂದು ಹೆಸರು. ಕಬ್ಬಿಣದ ದೊಡ್ಡ ಮಂಚವೊಂದನ್ನು ಊಹಿಸಿಕೊಳ್ಳಿ. ಎಂಟಡಿ ಉದ್ದ ನಾಲ್ಕಡಿ ಅಗಲದ ಹಲಗೆಯನ್ನು ಅದರ ಮೇಲೆ ಮಲಗಿಸಬಹುದು. ಮಂಚದ ಎರಡು ಪಕ್ಕದ ಹಳಿಗಳ ಮೇಲೆ ಒಂದು ಕಮಾನು ಉದ್ದಕ್ಕೂ ಓಡಾಡುತ್ತದೆ. ಕಮಾನಿನ ಮೇಲೆ ಒಂದು ತಲೆ ಅಡ್ಡಡ್ಡ ಓಡಾಡುತ್ತದೆ. ತಲೆಯಲ್ಲಿ ಗಿರ್ರನೆ ತಿರುಗುವ ಸ್ಪಿಂಡಲ್ ಮೇಲಕ್ಕೂ ಕೆಳಕ್ಕೂ ಚಲಿಸುತ್ತದೆ. ಉದ್ದ, ಅಗಲ, ಆಳಗಳ ಸಂಖ್ಯೆಗಳನ್ನು ಸಾಲುಸಾಲಾಗಿ ಬರೆದುಕೊಟ್ಟರೆ ಬಿಟ್ಟಿನ ಮೊನೆ ಆ ಬಿಂದುಗಳ ಮೂಲಕ ಸಾಗಿ ಮರವನ್ನು ಕೆತ್ತುತ್ತದೆ. ಹೀಗೆ ಬರೆಯುವ ಲಿಪಿಯೇ ಜಿ-ಕೋಡ್.

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ನಡೆದಾಡುವವರಿಗೆ ಇದು ತೀರ ಅಪರಿಚಿತವಲ್ಲ. ಮಗ್ಗದ ನೆತ್ತಿಯ ಮೇಲೆ ತೂತುಗಳುಳ್ಳ ರಟ್ಟಿನ ಪಟ್ಟಿಗಳ ಮಾಲೆಯನ್ನು ನಾವು ನೋಡಿದ್ದೇವೆ. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ; ಸೀರೆಯ ಅಂಚಿನಲ್ಲಿ ಹಂಸ ಮೂಡುತ್ತದೆ. ಫ್ರಾನ್ಸಿನ ಲಿಯಾನ್ ನಗರದ ಜಕಾರ್ಡ್ ಎಂಬಾತನು 1804ರ ಸುಮಾರಿಗೆ ಬಳಕೆಗೆ ತಂದ ಉಪಾಯವಿದು. ಹೆಲಿಕಾಪ್ಟರಿನ ರೆಕ್ಕೆಗಳನ್ನು ಮಾಡುತ್ತಿದ್ದ ಜಾನ್ ಪಾರ್ಸನ್ಸ್ ಎಂಬ ಅಮೆರಿಕನ್ನನ ಆಲೋಚನೆಯಿಂದ ಹೊರಟ ಕೆಲಸವು 1952ರಲ್ಲಿ ಎಂ.ಐ.ಟಿ. ಸಂಸ್ಥೆಯಲ್ಲಿ ಪೂರ್ಣಗೊಂಡಾಗ, ಲೋಹ ಕೊರೆಯುವ ಯಂತ್ರವನ್ನು ನಡೆಸಿದುದೂ ತೂತು ಕೊರೆದ ಕಾಗದದ ಪಟ್ಟಿಯೇ. ಅದರ ಮರುವರ್ಷ, 1953ರಲ್ಲಿ, ನಮ್ಮ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಸ್ಥಾಪಿತವಾಯಿತು. ಈಗ ರಟ್ಟನ್ನು ತೆಗೆದು ಎಲೆಕ್ಟ್ರಾನಿಕ್ ಜಕಾರ್ಡನ್ನು ಕೂರಿಸಿರುವ ಮಗ್ಗಗಳೂ ಇವೆ. ಅಂಥದೊಂದನ್ನು ಗೆಳೆಯನ ಮನೆಯಲ್ಲಿ ನೋಡಿದೆನು. ಮಗ್ಗ ಅವರ ತಾತನ ಕಾಲದ್ದು, ತಲೆ ಮಾತ್ರ ಹೊಸದು. ಮರಗೆಲಸದ ಯಂತ್ರಕ್ಕೂ ಹೀಗೆ ಮಾಡಬಹುದಲ್ಲವೆ ಎಂಬ ಯೋಚನೆ ಹುಟ್ಟಿದ್ದು ಅಲ್ಲಿಯೇ.

ಅರ್ಥಶಾಸ್ತ್ರದ ತರಗತಿಯಲ್ಲಿ ಸವಕಳಿಯ ಪಾಠ ಕೇಳಿದ್ದೇವಷ್ಟೆ. ಲೆಕ್ಕದ ಪುಸ್ತಕದಲ್ಲಿ ಯಂತ್ರದ ಬೆಲೆ ವರ್ಷವರ್ಷವೂ ಇಳಿದು ಕೊನೆಗೆ ಸೊನ್ನೆಯಾಗುತ್ತದೆ. ಆದರೆ ಒಂದು ಯಂತ್ರ ಸವೆಯುವುದು ಬೇರೆ, ಹಳತಾಗುವುದು ಬೇರೆ. ಕಬ್ಬಿಣ ಸವೆಯುತ್ತದೆ, ಅದೂ ನಿಧಾನವಾಗಿ. ಅದನ್ನು ಆಳುವ ಕಂಪ್ಯೂಟರು ಸವೆಯುವುದೇ ಇಲ್ಲ. ಒಂದು ದಿನ ಅದಕ್ಕೆ ಹೊಂದುವ ಬಿಡಿಭಾಗ ಸಿಗದಂತಾಗುತ್ತದೆ, ಅಷ್ಟೆ. ಮುಚ್ಚಿಹೋದ ಪೀಠೋಪಕರಣ ಕಾರ್ಖಾನೆಯೊಂದರಿಂದ ಪೀಣ್ಯದ ಒಂದು ಗೋದಾಮಿಗೆ ಬಂದು ಬಿದ್ದಿದ್ದ ರೌಟರನ್ನು ಗುಜರಿಯ ಬೆಲೆಗಿಂತ ಸ್ವಲ್ಪ ಹೆಚ್ಚಿಗೆ ನಾವು ಕೊಂಡೆವು. ಅದರ ಕಂಪ್ಯೂಟರಿನೊಳಗಿನ ನಿಯಂತ್ರಕ ಕಾರ್ಡು ಸತ್ತಿತ್ತು. ಆ ಬಗೆಯ ಕಾರ್ಡು ಈಗ ಮಾಡುತ್ತಿಲ್ಲವಂತೆ. ಯಂತ್ರವನ್ನು ಗುಜರಿಗೆ ಕಳಿಸಲು ಅವರಿಗೆ ಅಷ್ಟು ಕಾರಣ ಸಾಕಾಗಿತ್ತು.

ಕೊಳ್ಳುವ ಮುನ್ನ ನೋಡಬೇಕಾದುದು ಸವೆತವನ್ನು ಮಾತ್ರ. ನಾನು ಹಾಳೆಯಲ್ಲಿ ಪಟ್ಟಿ ಮಾಡಿಕೊಂಡು ಹೋಗಿದ್ದೆನು. ತಂದೆಯವರು ಆ ಪಟ್ಟಿಯನ್ನು ಕೇಳಲೇ ಇಲ್ಲ. ಕಮಾನನ್ನು ಕೈಯಿಂದ ಈ ತುದಿಯಿಂದ ಆ ತುದಿಗೆ ಮೂರು ಬಾರಿ ನೂಕಿದರು. ಎಲ್ಲಿಯಾದರೂ ಹಿಡಿಯುತ್ತದೆಯೇ ಎಂದು ಅಂಗೈಯಿಂದಲೇ ತಿಳಿದುಕೊಂಡರು. ಹಳಿಯ ಮೇಲೆ ಉಗುರೆಳೆದು ಗೀರು ಹುಡುಕಿದರು. ಹೆಚ್ಚು ಓಡಾಟವಾಗುವ ನಡುಭಾಗದ ಹಲ್ಲುಗಳನ್ನೂ ಯಾರೂ ಮುಟ್ಟದ ತುದಿಯ ಹಲ್ಲುಗಳನ್ನೂ ಹೋಲಿಸಿದರು. ಸ್ಪಿಂಡಲನ್ನು ಬೆರಳಿನಿಂದ ತಿರುಗಿಸಿ ಕಿವಿಗೊಟ್ಟು, "ಇದರ ಬೇರಿಂಗ್ ಹೋಗಿದೆ. ಉಳಿದುದು ಬದುಕಿದೆ" ಎಂದರು. ಬೆಲೆ ಇಳಿಸಲು ಆ ಬೇರಿಂಗೇ ಒದಗಿತು. ಹಣದಲ್ಲಿ ಅರ್ಧ ತಾಯಿಯವರ ಸ್ವಸಹಾಯ ಸಂಘದ ಸಾಲ. ವಾರವಾರವೂ ಕಂತು ಕಟ್ಟಬೇಕು, ಯಂತ್ರ ಓಡಲಿ ಬಿಡಲಿ.

ಮನೆಗೆ ತಂದ ಕಥೆ ದೊಡ್ಡದು. ಕೊಟ್ಟಿಗೆಯ ಒಂದು ಗೋಡೆ ಒಡೆಯಬೇಕಾಯಿತು ಎಂದರೆ ಸಾಕು.

ಚೌಕಟ್ಟು, ಹಳಿ, ಹಲ್ಲುಪಟ್ಟಿ, ನಾಲ್ಕು ಸ್ಟೆಪ್ಪರ್ ಮೋಟಾರುಗಳು, ಇವುಗಳನ್ನು ಉಳಿಸಿಕೊಂಡೆವು. ಮೋಟಾರುಗಳ ಡ್ರೈವುಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಮೂರು ಬದುಕಿದ್ದವು, ಒಂದನ್ನು ಹೊಸದಾಗಿ ತಂದೆವು. ನಿಯಂತ್ರಕ್ಕೆ ಲಿನಕ್ಸ್‌ಸಿಎನ್‌ಸಿ ಎಂಬ ತಂತ್ರಾಂಶವನ್ನು ಆರಿಸಿದೆನು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ 1990ರ ದಶಕದಲ್ಲಿ ಆರಂಭವಾದ ಕೆಲಸ ಅದರ ಮೂಲ. ಸರ್ಕಾರದ ಕೃತಿಯಾದುದರಿಂದ ಸಾರ್ವಜನಿಕರ ಸ್ವತ್ತಾಯಿತು, ಬಳಿಕ ಅನೇಕರು ಸೇರಿ ಬೆಳೆಸಿದರು. ಅದಕ್ಕೆ ಬೆಲೆಯಿಲ್ಲ. ಪ್ರಿಂಟರಿಗಾಗಿ 25 ಮೊನೆಗಳ ಕಿಂಡಿಯುಳ್ಳ ಹಳೆಯ ಕಂಪ್ಯೂಟರೊಂದಿದ್ದರೆ ಆಯಿತು. ಆ ಕಿಂಡಿಯಿಂದ ಹೊರಡುವ ಒಂದೊಂದು ವಿದ್ಯುತ್ ಮಿಡಿತಕ್ಕೂ ಮೋಟಾರು ಒಂದೊಂದು ಹೆಜ್ಜೆ ಇಡುತ್ತದೆ.

ಇಲ್ಲಿಯೇ ನಾನು ಎಡವಿದುದು. ಒಂದು ಮಿಲಿಮೀಟರಿಗೆ ಎಷ್ಟು ಮಿಡಿತ ಎಂಬ ಸಂಖ್ಯೆಯನ್ನು ತಂತ್ರಾಂಶಕ್ಕೆ ತಿಳಿಸಬೇಕು. ಮೋಟಾರಿಗೆ ಸುತ್ತಿಗೆ 200 ಹೆಜ್ಜೆ; ಡ್ರೈವು ಒಂದೊಂದನ್ನೂ ಎಂಟಾಗಿ ಒಡೆಯುವುದರಿಂದ 1,600. ಮೋಟಾರು ಐದು ಸುತ್ತು ತಿರುಗಿದರೆ ಹಲ್ಲುಚಕ್ರ ಒಂದು ಸುತ್ತು. ಹಲ್ಲುಚಕ್ರಕ್ಕೆ 20 ಹಲ್ಲು, ಅದರ ಮಾಡ್ಯೂಲ್ 1.5. ಪ್ರೌಢಶಾಲೆಯ ಗಣಿತವನ್ನು ನೆನೆದು ಪೈಯಿಂದ ಗುಣಿಸಿದೆನು: ಒಂದು ಸುತ್ತಿಗೆ 94.25 ಮಿ.ಮೀ. ಚಲನೆ, ಮಿಲಿಮೀಟರಿಗೆ 84.88 ಮಿಡಿತ. ಎರಡು ಬಾರಿ ತಾಳೆ ನೋಡಿ ಹೆಮ್ಮೆಯಿಂದ ಬರೆದಿಟ್ಟೆನು.

ಮೊದಲ ಬಾರಿಗೆ ಯಂತ್ರ ಚಲಿಸಿದ ರಾತ್ರಿ ಮನೆಯವರೆಲ್ಲರೂ ಬಂದು ನಿಂತಿದ್ದರು. 1,000 ಮಿ.ಮೀ. ಸಾಗು ಎಂದು ಅಪ್ಪಣೆ ಕೊಟ್ಟೆನು. ಸಾಗಿತು. ತಂದೆಯವರು ಟೇಪು ಹಿಡಿದು, "1,061" ಎಂದರು. ಟೇಪು ಜಾರಿರಬೇಕು ಎಂದೆನು. ಮತ್ತೆ 1,061. 500ಕ್ಕೆ 530 ಮತ್ತು ಒಂದು ನೂಲು. ತಪ್ಪು ಒಂದೇ ಪ್ರಮಾಣದಲ್ಲಿತ್ತಾದುದರಿಂದ ಹೆಜ್ಜೆ ತಪ್ಪುತ್ತಿರಲಿಲ್ಲ, ಲೆಕ್ಕವೇ ತಪ್ಪಾಗಿತ್ತು. ಆದರೆ ಎಲ್ಲಿ? ಎರಡು ದಿನ ಕಾಲೇಜಿನಲ್ಲಿಯೂ ಅದೇ ಗುಣಾಕಾರ ಮಾಡುತ್ತ ಕೂತಿದ್ದೆನು. ಆ ಎರಡು ದಿನಗಳ ಸಂವಿಧಾನದ ಪಾಠ ನನಗೆ ಈಗಲೂ ಬಾರದು.

ಮೂರನೆಯ ದಿನ ಮನೆಗೆ ಬಂದಾಗ ತಂದೆಯವರು ಉಕ್ಕಿನ ಅಳತೆಪಟ್ಟಿಯನ್ನು ಹಲ್ಲುಪಟ್ಟಿಗೆ ಒತ್ತಿಹಿಡಿದು ಎಣಿಸುತ್ತಿದ್ದರು. "ಇಪ್ಪತ್ತು ಹಲ್ಲಿಗೆ ಸರಿಯಾಗಿ ನೂರು ಮಿಲಿಮೀಟರು. ನಿನ್ನ ತೊಂಬತ್ತನಾಲ್ಕೂಕಾಲು ಎಲ್ಲಿಂದ ಬಂತು?" ಎಂದು ಕೇಳಿದರು. ಆಗ ನೋಡಿದೆನು: ಹಲ್ಲುಗಳು ನೇರವಾಗಿರಲಿಲ್ಲ, ಓರೆಯಾಗಿದ್ದವು. ಓರೆ ಹಲ್ಲಿನಲ್ಲಿ ಮಾಡ್ಯೂಲನ್ನು ಹಲ್ಲಿಗೆ ಲಂಬವಾಗಿ ಅಳೆಯುತ್ತಾರೆ. ಪಟ್ಟಿಯ ಉದ್ದಕ್ಕೆ ಅಳೆದರೆ ಅದು ಹೆಚ್ಚಾಗುತ್ತದೆ. ಇಂಥ ಪಟ್ಟಿಗಳ ಓರೆಯನ್ನು 19 ಡಿಗ್ರಿ 31 ಮಿನಿಟು 42 ಸೆಕೆಂಡು ಎಂಬ ವಿಚಿತ್ರ ಕೋನಕ್ಕೆ ಇಟ್ಟಿರುವುದೇ ಪೈಯನ್ನು ಕಳೆದು ಪೂರ್ಣಸಂಖ್ಯೆ ಬರಲೆಂದು: 94.25ನ್ನು ಆ ಕೋನದ ಕೊಸೈನ್ ಆದ 0.9425ರಿಂದ ಭಾಗಿಸಿದರೆ ನೂರು. ಹಲ್ಲಿಗೆ ಐದು ಮಿಲಿಮೀಟರು. ಮಿಲಿಮೀಟರಿಗೆ 80 ಮಿಡಿತ. ನಿಮಿಷಕ್ಕೆ ಹತ್ತು ಮೀಟರು ಓಡಿದರೂ ಸೆಕೆಂಡಿಗೆ ಸುಮಾರು 13,300 ಮಿಡಿತಗಳು. ನಮ್ಮ ಹಳೆಯ ಕಂಪ್ಯೂಟರು ಅಷ್ಟನ್ನು ತಡೆದುಕೊಳ್ಳುತ್ತದೆ. ಕೊಸೈನಿನ ಹೆಸರು ಕೇಳದ ತಂದೆಯವರು ಎಣಿಸಿ ಕಂಡುಕೊಂಡುದನ್ನು ನಾನು ಪುಸ್ತಕದಿಂದ ಆಮೇಲೆ ಸಮರ್ಥಿಸಿಕೊಂಡೆನು.

ಮೂಲೆಮಟ್ಟವನ್ನು ಅವರಿಗೇ ಒಪ್ಪಿಸಿದೆನು. ಕಮಾನಿಗೆ ಎರಡು ಪಕ್ಕದಲ್ಲೂ ಒಂದೊಂದು ಮೋಟಾರಿದೆ; ಒಂದು ತುಸು ಮುಂದೆ ನಿಂತರೆ ಕೆತ್ತಿದ ಬಾಗಿಲೆಲ್ಲ ಓರೆ. ಬಾಗಿಲ ಚೌಕಟ್ಟಿಗೆ ಮಾಡುವಂತೆಯೇ ಮಾಡಿದರು. ಹಲಗೆಯಲ್ಲಿ 1,200ಕ್ಕೆ 1,600ರ ಆಯತದ ನಾಲ್ಕು ಮೂಲೆಗಳಲ್ಲಿ ತೂತು ಕೊರೆಸಿ ಕರ್ಣಗಳನ್ನು ಅಳೆದರು. ಎರಡೂ 2,000 ಬರಬೇಕು. ಮೂರು ಮಿಲಿಮೀಟರು ವ್ಯತ್ಯಾಸವಿತ್ತು. ಎರಡು ಪಕ್ಕಕ್ಕೂ ಬೇರೆಬೇರೆ ಆರಂಭದ ಸ್ವಿಚ್ಚುಗಳಿರುವುದರಿಂದ ಒಂದರ ಸ್ಥಾನವನ್ನು ತಂತ್ರಾಂಶದಲ್ಲಿ ಎರಡು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಸರಿಸಿದೆವು. ನಾಲ್ಕನೆಯ ಸಾರಿ ಕರ್ಣಗಳು ಸಮವಾದವು.

ಮಾಡಹೊರಡುವ ಗೆಳೆಯರು ಇನ್ನೆರಡು ಸಂಗತಿಗಳನ್ನು ಎಚ್ಚರದಿಂದ ಓದಬೇಕು. ಸ್ಪಿಂಡಲಿಗೆ ಪೀಣ್ಯದಲ್ಲಿ ಬೇರಿಂಗ್ ಹಾಕಿಸಿ ತಂದೆವು. ಅದು 2.2 ಕಿಲೋವ್ಯಾಟಿನದು, ಮನೆಯ ಏಕಮುಖ ವಿದ್ಯುತ್ತನ್ನು ವಿ.ಎಫ್.ಡಿ. ಎಂಬ ಪೆಟ್ಟಿಗೆ ತ್ರಿಮುಖವನ್ನಾಗಿ ಬದಲಿಸಿ ಅದಕ್ಕೆ ಉಣಿಸುತ್ತದೆ. ನಮ್ಮ ಕಂಬದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಸ್ಪಿಂಡಲಿಗೆ ಬೇಕಾದುದು 400, ಆಗ ನಿಮಿಷಕ್ಕೆ 24,000 ಸುತ್ತು. ಪೆಟ್ಟಿಗೆಯಲ್ಲಿ 50 ಎಂದೇ ಬಿಟ್ಟು ಪೂರ್ತಿ ವೋಲ್ಟೇಜು ಕೊಟ್ಟರೆ ಸುರುಳಿ ಸುಟ್ಟುಹೋಗುತ್ತದೆ. ಆಫ್ ಮಾಡಿದ ಮೇಲೂ ಅದರೊಳಗೆ ಕೆಲವು ನಿಮಿಷ ವಿದ್ಯುತ್ತು ಉಳಿದಿರುತ್ತದೆ; ಹತ್ತು ನಿಮಿಷ ಬಿಟ್ಟು ಕೈಯಿಡುವುದು ಲೇಸು. ಎರಡನೆಯದು ಕೆಂಪು ಗುಂಡಿ. ನಾನು ಅದನ್ನು ಕಂಪ್ಯೂಟರಿಗೆ ಮಾತ್ರ ಜೋಡಿಸಿದ್ದೆನು. ಲೈನ್‌ಮನ್ ಆಗಿರುವ ಸೋದರಮಾವನವರು ನೋಡಿ, "ಕಂಪ್ಯೂಟರು ತೂಕಡಿಸಿದರೆ ಬೆರಳನ್ನು ಯಾರು ಕೊಡುತ್ತಾರೆ?" ಎಂದು ಗದರಿಸಿ, ಗುಂಡಿ ಒತ್ತಿದೊಡನೆ ಕಾಂಟ್ಯಾಕ್ಟರ್ ಬಿಟ್ಟು ಮೋಟಾರುಗಳ ವಿದ್ಯುತ್ತೇ ಕಡಿಯುವಂತೆ ತಂತಿ ಎಳೆದರು. ಆ ತಂತಿ ತುಂಡಾದರೂ ಯಂತ್ರ ನಿಲ್ಲುತ್ತದೆ, ಹಾಗೆಯೇ ಇರಬೇಕಂತೆ.

ನಮ್ಮೂರಿನ ಕಷ್ಟ ಬೇರೆಯೇ ಒಂದಿದೆ, ಅದು ಕರೆಂಟು. ಕೆತ್ತನೆಯ ನಡುವೆ ಹೋದರೆ ಯಂತ್ರ ತಾನೆಲ್ಲಿದ್ದೆನೆಂಬುದನ್ನು ಮರೆಯುತ್ತದೆ. ಆದುದರಿಂದ ಪ್ರತಿ ಹಲಗೆಯ ಆರಂಭಬಿಂದುವು ಯಂತ್ರದ ಮೂಲೆಯಿಂದ ಎಷ್ಟು ದೂರವೆಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ. ಕರೆಂಟು ಬಂದಾಗ ಯಂತ್ರವನ್ನು ಮೂಲೆಗೆ ಕಳುಹಿಸಿ, ಆ ಸಂಖ್ಯೆ ಕೊಟ್ಟು, ನಿಂತ ಸಾಲಿನಿಂದ ಮುಂದುವರಿಸುತ್ತೇವೆ.

ಮೊದಲ ತೇಗದ ಹಲಗೆಗೆ ಬಿಟ್ಟನ್ನು ನಿಧಾನವಾಗಿ ನಡೆಸಿದೆನು, ಭಯಕ್ಕೆ. ತಂದೆಯವರು ಮೂಗರಳಿಸಿ "ಮರ ಸುಡುತ್ತಿದೆ" ಎಂದರು. ನಿಧಾನವಾದರೆ ಅಲಗು ಕತ್ತರಿಸದೆ ಉಜ್ಜುತ್ತದೆ, ಚಕ್ಕೆಯ ಬದಲು ಹುಡಿ ಬೀಳುತ್ತದೆ. 16,000 ಸುತ್ತು, ಎರಡು ಅಲಗು, ಅಲಗಿಗೆ 0.15 ಮಿ.ಮೀ. ಚಕ್ಕೆ ಎಂದು ಗುಣಿಸಿದರೆ ನಿಮಿಷಕ್ಕೆ 4,800 ಮಿ.ಮೀ.; ನಾನು ಅದರ ಕಾಲುಭಾಗದಲ್ಲಿ ತೆವಳಿಸುತ್ತಿದ್ದೆನು. ಈಗ ವೇಗದ ವಿಷಯದಲ್ಲಿ ಅವರ ಮೂಗೂ ನನ್ನ ಗುಣಾಕಾರವೂ ಬಹುಮಟ್ಟಿಗೆ ಒಪ್ಪುತ್ತವೆ.

ಒಪ್ಪದಿರುವುದು ಮೂಲೆಗಳ ವಿಷಯ. ತಿರುಗುವ ಬಿಟ್ಟು ಒಳಮೂಲೆಯನ್ನು ಚೂಪಾಗಿ ಕತ್ತರಿಸಲಾರದು. ಆರು ಮಿಲಿಮೀಟರಿನ ಬಿಟ್ಟು ಮೂರರ ತ್ರಿಜ್ಯದ ದುಂಡನ್ನು ಬಿಟ್ಟೇ ಬಿಡುತ್ತದೆ. ಪೇಟೆಯ ಬಾಗಿಲುಗಳಲ್ಲಿ ಅದು ಹಾಗೆಯೇ ಇರುತ್ತದೆ, ಕೊಳ್ಳುವವರು ಗಮನಿಸುವುದೂ ಇಲ್ಲ ಎಂದು ನಾನು ವಾದಿಸಿದೆನು. ತಂದೆಯವರು ಮಾತಾಡದೆ ಉಳಿಗಳ ಪೆಟ್ಟಿಗೆ ತೆರೆದರು. ನಮ್ಮ ಮೊದಲ ಬಾಗಿಲಿನಲ್ಲಿ ನಲವತ್ತೆಂಟು ಒಳಮೂಲೆಗಳಿದ್ದವು. ಒಂದೂವರೆ ದಿನ ಕೂತು ಎಲ್ಲವನ್ನೂ ತಿದ್ದಿದರು, ಎಲೆಗಳ ನರಗಳನ್ನೂ ಕೈಯಿಂದಲೇ ಎಳೆದರು. ಆ ಬಾಗಿಲು ಪಕ್ಕದ ಹಳ್ಳಿಯ ಒಂದು ಹೊಸ ಮನೆಯಲ್ಲಿದೆ. ಅದನ್ನು ನೋಡಿ ಇನ್ನಿಬ್ಬರು ಬಂದು ಹೇಳಿಹೋಗಿದ್ದಾರೆ. ಸಂಘದ ಕಂತು ಇನ್ನೂ ಏಳು ತಿಂಗಳಿನದಿದೆ.

ಹುಡಿ ಹೀರುವ ಯಂತ್ರವನ್ನು ಇನ್ನೂ ಕೂರಿಸಿಲ್ಲ. ಮರದ ಹುಡಿ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಸಂಸ್ಥೆಯೇ 1995ರಲ್ಲಿ ನಿರ್ಣಯಿಸಿದೆ. ಸದ್ಯಕ್ಕೆ ಮುಖವಸ್ತ್ರ ಕಟ್ಟಿಕೊಂಡು ಕೆಲಸ ಮಾಡುತ್ತೇವೆ, ಪರೀಕ್ಷೆ ಮುಗಿದೊಡನೆ ಮೊದಲ ಕೆಲಸ ಅದೇ. ಶನಿವಾರ ದೇವಸ್ಥಾನಕ್ಕೆ ಬರುವ ಅಧ್ಯಾಪಕರೂ ಸಹಪಾಠಿಗಳೂ ನಮ್ಮ ಕೊಟ್ಟಿಗೆಗೂ ಬಂದು ನೋಡಬಹುದು. ಕರೆಂಟು ಇಲ್ಲದಿದ್ದರೆ ಬರುವವರೆಗೆ ಕೂತಿರಿ. ತಾಯಿಯವರು ಕಾಫಿ ಕೊಡುತ್ತಾರೆ.