ಕಿಟ್ ಹಾಕಿಸೋ ಮುಂಚೆ

ಟೋಯಿಂಗ್ ಕೆಲಸಕ್ಕೆ ಇಳೀತೀನಿ ಅಂದಿದ್ದಕ್ಕೆ ನನ್ನದೇನೂ ತಕರಾರಿಲ್ಲಪ್ಪ. ನಾಗಸಂದ್ರದಲ್ಲಿ ಕೂತೋನಿಗೆ ಆ ಕೆಲಸಕ್ಕೆ ಬರ ಬರಲ್ಲ. ಬಗಲಲ್ಲೇ ಪೀಣ್ಯ, ಮುಂದೆ ತುಮಕೂರು ರಸ್ತೆ. ಎಂಟನೇ ಮೈಲಿಯಿಂದ ನೆಲಮಂಗಲದ ತನಕ ದಿನಾ ಯಾವುದಾದರೂ ಗಾಡಿ ಕೈಕೊಟ್ಟು ನಿಂತೇ ಇರುತ್ತೆ. 2021ರ ಡಿಸೆಂಬರಲ್ಲಿ ಪೀಣ್ಯ ಮೇಲ್ಸೇತುವೆ ಮುಚ್ಚಿದಾಗ ಕೆಳಗಿನ ರಸ್ತೆ ಪಟ್ಟ ಪಾಡು ನೀನೂ ನೋಡಿದ್ದೀಯ.

ತಕರಾರು ಇರೋದು ಆ ಬೊಲೆರೊ ಪಿಕಪ್‌ಗೆ ಎಲ್‌ಪಿಜಿ ಕಿಟ್ ಹಾಕಿಸ್ತೀನಿ ಅನ್ನೋದರಲ್ಲಿ. ನೀನು ತೋರಿಸಿದ ವಿಡಿಯೊ ಅಮೆರಿಕದ್ದು. ಅಲ್ಲಿ ಪ್ರೋಪೇನ್‌ಗೆ ಬದಲಾಯಿಸಿ ಟ್ರೈಲರ್ ಎಳೆಸೋ ಪಿಕಪ್‌ಗಳು ಬಹುಪಾಲು ಪೆಟ್ರೋಲಿನವು, ಎಂಟು ಸಿಲಿಂಡರಿನ ದೊಡ್ಡ ಎಂಜಿನ್ನು. ನಿನ್ನದು ಎರಡೂವರೆ ಲೀಟರಿನ ಡೀಸೆಲ್. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಗಾಳಿಯನ್ನ ಒತ್ತಿ ಕಾಯಿಸಿ, ಆ ಕಾವಿಗೆ ಡೀಸೆಲ್ ಹತ್ತಿಕೊಳ್ಳೋ ಹಾಗೆ ಮಾಡಿರೋದು. ಗ್ಯಾಸ್ ಆ ಕಾವಿಗೆ ನೆಚ್ಚಿಕೊಳ್ಳೋ ಹಾಗೆ ತಾನಾಗಿ ಹತ್ತಲ್ಲ. ಹೆಡ್ ಕೊರೆದು ಪ್ಲಗ್ ಕೂರಿಸಬೇಕು, ಕಂಪ್ರೆಷನ್ ಇಳಿಸಬೇಕು, ಇಗ್ನಿಷನ್ ಹೊಸದಾಗಿ ಕಟ್ಟಬೇಕು. ಅಷ್ಟು ದುಡ್ಡು ಸುರಿಯೋದಾದರೆ ಬೇರೆ ಗಾಡಿ ನೋಡೋದೇ ವಾಸಿ. ಡೀಸೆಲ್ ಜೊತೆಗೇ ಒಂದಿಷ್ಟು ಗ್ಯಾಸ್ ಬಿಡ್ತೀವಿ ಅನ್ನೋರೂ ಸಿಗ್ತಾರೆ. ಪ್ರಮಾಣ ಹೆಚ್ಚುಕಮ್ಮಿ ಆಗಿ ಲೋಡಿನಲ್ಲಿ ನಾಕಿಂಗ್ ಶುರುವಾದರೆ ಪಿಸ್ಟನ್ ಕೆಡುತ್ತೆ. ಆಗ ನಿನ್ನ ಗಾಡಿಯನ್ನ ಎಳೆಯೋಕೆ ಇನ್ನೊಬ್ಬ ಬರಬೇಕು. ಅಲ್ಲದೆ, ಕಮ್ಮಿ ಆರ್‌ಪಿಎಂನಲ್ಲಿ ಜಗ್ಗಿ ಎಳೆಯೋ ಗುಣ ಡೀಸೆಲ್‌ಗೆ ಹುಟ್ಟುತ್ತಲೇ ಬಂದಿದೆ. ಟೋಯಿಂಗ್‌ಗೆ ಬೇಕಾಗಿರೋದೂ ಅದೇ.

ಆಟೊದವರೆಲ್ಲ ಗ್ಯಾಸ್‌ನಲ್ಲೇ ಓಡಿಸ್ತಾರಲ್ಲ ಅಂತೀಯ. ಅವರದು ಪ್ಲಗ್ ಇರೋ ಎಂಜಿನ್ನು, ಹಗುರ ಗಾಡಿ, ಊರೊಳಗಿನ ಓಟ. ನೀನೂ ಪೆಟ್ರೋಲ್ ಪಿಕಪ್ ತಗೊಂಡರೆ ಮಾತು ಬೇರೆ. ಆಗಲೂ ಲೆಕ್ಕ ಹಾಕು. ಒಂದು ಲೀಟರ್ ಎಲ್‌ಪಿಜಿಯಲ್ಲಿ ಒಂದು ಲೀಟರ್ ಪೆಟ್ರೋಲಿನ ಮುಕ್ಕಾಲು ಭಾಗದಷ್ಟೇ ಶಕ್ತಿ. ಪೆಟ್ರೋಲಿಗೆ 12 ಕಿಲೋಮೀಟರ್ ಕೊಡೋ ಗಾಡಿ ಗ್ಯಾಸ್‌ಗೆ 9ರ ಆಸುಪಾಸಿಗೆ ಇಳಿಯುತ್ತೆ. ಬಂಕ್‌ನ ಬೋರ್ಡಲ್ಲಿ ಗ್ಯಾಸ್ ರೇಟು ಪೆಟ್ರೋಲಿನ ಮುಕ್ಕಾಲಿಗಿಂತ ಕೆಳಗಿದ್ದರೆ ಮಾತ್ರ ಉಳಿತಾಯ. ಅದರಲ್ಲೂ ಮೊದಲು ಕಿಟ್‌ನ ದುಡ್ಡು ತೀರಬೇಕು.

ಟ್ಯಾಂಕ್ ಪೂರ್ತಿ ತುಂಬಲ್ಲ ಅನ್ನೋದೂ ಗೊತ್ತಿರಲಿ. ಬಿಸಿಲಿಗೆ ಗ್ಯಾಸ್ ಹಿಗ್ಗೋಕೆ ಜಾಗ ಬೇಕು ಅಂತ ಶೇ 80ಕ್ಕೆ ವಾಲ್ವ್ ನಿಲ್ಲಿಸಿಬಿಡುತ್ತೆ.

ಬಾನೆಟ್ ಒಳಗೆ ನೋಡಬೇಕಾದ್ದು ರೆಡ್ಯೂಸರ್. ಟ್ಯಾಂಕಿನಿಂದ ದ್ರವವಾಗಿ ಬಂದ ಎಲ್‌ಪಿಜಿ ಅಲ್ಲಿ ಗ್ಯಾಸ್ ಆಗಬೇಕು, ಅದಕ್ಕೆ ಬಿಸಿ ಬೇಕು. ಆ ಬಿಸಿ ರೇಡಿಯೇಟರ್ ನೀರಿನಿಂದ, ಒಂದು ಸಣ್ಣ ಹೋಸ್‌ನಲ್ಲಿ ಬರುತ್ತೆ. ಕೂಲೆಂಟ್ ಕಮ್ಮಿಯಾದರೆ, ಹೋಸ್ ಕಟ್ಟಿಕೊಂಡರೆ, ಬೇಸಿಗೆಯ ನಡುಮಧ್ಯಾಹ್ನ ಕೂಡ ರೆಡ್ಯೂಸರ್ ಮೈಮೇಲೆ ಫ್ರಿಜ್ಜಿನ ಫ್ರೀಜರಿನ ಹಾಗೆ ಬೆಳ್ಳಗೆ ಹಿಮ ಕೂರುತ್ತೆ. ಗಾಡಿ ಗೊಣಗುತ್ತೆ, ಎಳೆಯಲ್ಲ. ಮೆಕ್ಯಾನಿಕ್ ಪ್ಲಗ್ ಬದಲಿಸಿ ದುಡ್ಡು ತಗೊಂಡು ಕಳಿಸ್ತಾನೆ. ನೀನು ಮೊದಲು ಆ ಹೋಸ್ ಮುಟ್ಟಿ ನೋಡು, ಬಿಸಿ ಇದೆಯಾ ಅಂತ. ಇನ್ನೊಂದು: ಎಲ್‌ಪಿಜಿ ಗಾಳಿಗಿಂತ ಭಾರ, ಲೀಕ್ ಆದರೆ ನೆಲ ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತೆ. ವಾಸನೆ ಬಂದ ಗಾಡಿಯನ್ನ ಗ್ಯಾರೇಜಿನ ಪಿಟ್ ಮೇಲೆ ನಿಲ್ಲಿಸಲೇಬೇಡ.

ಅಡುಗೆ ಸಿಲಿಂಡರಿನಿಂದ ಗ್ಯಾಸ್ ತುಂಬಿಕೊಡ್ತೀನಿ ಅನ್ನೋನ ನೆರಳಿಗೂ ಹೋಗಬೇಡ. ಅದು ಅಪರಾಧ, ಅದಕ್ಕಿಂತ ಹೆಚ್ಚಾಗಿ ಅಪಾಯ. ಕಿಟ್ ಅನುಮೋದನೆ ಇರೋದೇ ಆಗಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂಧನ ಬದಲಾಯಿಸಿದ್ದು ಆರ್‌ಸಿಯಲ್ಲಿ ಏರಬೇಕು, ಇನ್ಶೂರೆನ್ಸ್‌ನವರಿಗೂ ತಿಳಿಸಬೇಕು. ಬೇರೆಯವರ ಕಾರು ಎಳೆಯೋ ಕೆಲಸದಲ್ಲಿ ಕಾಗದ ಸರಿ ಇಲ್ಲದಿದ್ದರೆ, ಒಂದು ಗುದ್ದಿಗೆ ನಿನ್ನ ಗಾಡಿ, ಅವರ ಕಾರು ಎರಡರ ನಷ್ಟವೂ ನಿನ್ನ ತಲೆ ಮೇಲೆ.

ಇಷ್ಟೆಲ್ಲ ಇಂಧನದ ಮಾತಾಡಿದ ನೀನು ಬ್ರೇಕಿನ ಬಗ್ಗೆ ಒಂದು ಮಾತೂ ಆಡಲಿಲ್ಲ ನೋಡು. ಎಳೆಯೋಕೆ ಎಂಜಿನ್ ಸಾಕಾಗಬಹುದು, ಹಿಂದಿನಿಂದ ತಳ್ಳಿಕೊಂಡು ಬರೋ ಭಾರವನ್ನ ನಿಲ್ಲಿಸೋದು ಬ್ರೇಕು, ಟೈರು. ಎಳೆಯೋ ಗಾಡಿಗೂ ಎಳೆಸಿಕೊಳ್ಳೋ ಗಾಡಿಗೂ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರಬಾರದು ಅಂತ ನಿಯಮ. ಹಗ್ಗ ಬೇಡ, ಗಟ್ಟಿ ಟೋ ಬಾರ್ ಮಾಡಿಸು. ಪೀಣ್ಯದಲ್ಲಿ ಅಂಥದ್ದು ಮಾಡೋ ಫ್ಯಾಬ್ರಿಕೇಷನ್ ಶೆಡ್‌ಗಳಿಗೇನು ಕಮ್ಮಿ?

ಕಿಟ್‌ಗೆ ಅಂತ ಎತ್ತಿಟ್ಟಿರೋ ದುಡ್ಡಲ್ಲಿ ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟ್, ಹಿಂದಿನ ಎರಡು ಟೈರು ಮಾಡಿಸು. ಭಾನುವಾರ ಗಾಡಿ ತಗೊಂಡು ಬಾ, ರೇಡಿಯೇಟರ್ ನಾನೇ ಬಿಚ್ಚಿ ನೋಡ್ತೀನಿ.