ರೋಬೋಟ್ ಮಾಡಹೊರಟ ಮೊಮ್ಮಗಳಿಗೆ

ಚಿ. ಪುಟ್ಟಿಗೆ,



ವಯಸ್ಸಾದವರಿಗೆ ಜೊತೆಯಾಗುವ, ಪ್ರಾಣಿಯ ರೂಪದ ರೋಬೋಟನ್ನು ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದೀಯೆಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ತುಂಬಾ ಸಂತೋಷವಾಯಿತು ಮಗಳೇ. ಈ ದಾರಿಯಲ್ಲಿ ಮೊದಲೇ ನಡೆದವರಿದ್ದಾರೆ. ಅವರಿಂದ ಕಲಿಯಬೇಕಾದದ್ದು ಬಹಳ ಇದೆ.

ಮೊದಲು ಪಾರೋ ಎಂಬ ರೋಬೋಟಿನ ಬಗ್ಗೆ ಓದು. ಜಪಾನಿನ ತಕನೋರಿ ಶಿಬಾತಾ 1993ರಲ್ಲಿ ಇದರ ಕೆಲಸಕ್ಕೆ ಕೈಹಾಕಿದರು. ಬಿಳಿ ತುಪ್ಪಟದ ಹಾರ್ಪ್ ಸೀಲ್ ಮರಿಯ ರೂಪ. ತೂಕ ಎರಡೂವರೆ ಕಿಲೋಗಿಂತ ತುಸು ಹೆಚ್ಚು, ತೊಡೆಯ ಮೇಲಿಟ್ಟರೆ ಎಳೆಗೂಸಿನಷ್ಟು. ಸ್ಪರ್ಶ, ಬೆಳಕು, ಸದ್ದು, ಉಷ್ಣತೆಗಳನ್ನು ಅದರ ಸೆನ್ಸರುಗಳು ಗುರುತಿಸುತ್ತವೆ. ಏನು ಮಾಡಿದಾಗ ಮೈ ಸವರಿದರೋ ಅದನ್ನೇ ಮತ್ತೆ ಮಾಡಲು ಕಲಿಯುತ್ತದೆ. ಮಾತಾಡುವುದಿಲ್ಲ, ಮರಿ ಸೀಲಿನ ದನಿಯಲ್ಲಿ ಕೂಗುತ್ತದೆ, ಅಷ್ಟೆ. ಹಾಗಾಗಿ ಯಾವ ಭಾಷೆಯವರಿಗೂ ಅದು ಹೊರಗಿನದಲ್ಲ. ನಾಯಿ, ಬೆಕ್ಕಿನ ರೂಪ ಕೊಟ್ಟರೆ ಜನ ತಾವು ಕಂಡ ನಾಯಿ, ಬೆಕ್ಕಿಗೆ ಹೋಲಿಸಿ ಕೊರತೆ ಎಣಿಸುತ್ತಾರೆ. ಸೀಲ್ ಮರಿಯನ್ನು ಹತ್ತಿರದಿಂದ ಕಂಡವರು ಕಡಿಮೆ. ಆ ಆಯ್ಕೆಯ ಹಿಂದಿನ ಜಾಣತನವನ್ನು ಗಮನಿಸು. 2009ರಲ್ಲಿ ಅಮೆರಿಕದಲ್ಲಿ ಪಾರೋಗೆ ವೈದ್ಯಕೀಯ ಸಾಧನದ ಮಾನ್ಯತೆಯೂ ಸಿಕ್ಕಿತು.

ಇನ್ನು ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆಯೇ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ 28 ಆರೈಕೆ ಕೇಂದ್ರಗಳಲ್ಲಿ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದ್ದ 415 ಮಂದಿಯೊಂದಿಗೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಕೆಲವರಿಗೆ ಪಾರೋ, ಕೆಲವರಿಗೆ ಯಂತ್ರ ನಿಲ್ಲಿಸಿದ ಅದೇ ಪಾರೋ, ಉಳಿದವರಿಗೆ ಎಂದಿನ ಆರೈಕೆ. ಜೀವವಿರುವಂತೆ ಸ್ಪಂದಿಸುವ ಪಾರೋವನ್ನು ಜನ ಹೆಚ್ಚು ನೋಡಿದರು, ಹೆಚ್ಚು ಮಾತಾಡಿಸಿದರು. ಆದರೆ ಚಡಪಡಿಕೆ ತಗ್ಗಿಸುವುದರಲ್ಲಿ ಅದು ಎಂದಿನ ಆರೈಕೆಗಿಂತ ಮೇಲಾಯಿತೇ ಹೊರತು, ಯಂತ್ರ ನಿಲ್ಲಿಸಿದ ಗೊಂಬೆಯನ್ನು ಮೀರಿಸಲಿಲ್ಲ. ಮೆತ್ತನೆಯ ಮೈಯೊಂದು ಕೈಗೆ ಸಿಗುವುದೇ ಎಷ್ಟು ದೊಡ್ಡದು ನೋಡು! ಸೆನ್ಸರುಗಳ ಸಂಖ್ಯೆ ಹೆಚ್ಚಿಸುವ ಮೊದಲು ಇದನ್ನು ನೆನೆಸಿಕೋ.

ಸೋನಿ ಕಂಪನಿಯ ಐಬೊ ಎಂಬ ರೋಬೋಟ್ ನಾಯಿಯ ಕಥೆಯನ್ನೂ ತಿಳಿದುಕೋ. 1999ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದಾಗ ಮೊದಲ 3,000 ಐಬೊಗಳು ಸುಮಾರು 20 ನಿಮಿಷದಲ್ಲಿ ಖಾಲಿಯಾದವು. 2006ರಲ್ಲಿ ತಯಾರಿಕೆ ನಿಂತಿತು, 2014ರಲ್ಲಿ ರಿಪೇರಿಯೂ ನಿಂತಿತು. ಕೆಟ್ಟುಹೋದ ಐಬೊಗಳಿಗೆ ಚಿಬಾ ಪ್ರಾಂತ್ಯದ ಬೌದ್ಧ ದೇವಾಲಯವೊಂದರಲ್ಲಿ ಅಂತ್ಯಸಂಸ್ಕಾರ ನಡೆಸಿದರು. ಪ್ರೀತಿ ಹುಟ್ಟಿಸುವ ವಸ್ತುವನ್ನು ಕೈಗಿತ್ತವರು ಅದನ್ನು ಕೊನೆತನಕ ನೋಡಿಕೊಳ್ಳುವ ಹೊಣೆಯನ್ನೂ ಹೊರಬೇಕಮ್ಮ.

ಅಮೆರಿಕದ ಎಂಐಟಿಯ ವಿದ್ವಾಂಸೆ ಶೆರಿ ಟರ್ಕಲ್ ಬಹಳ ಕಾಲದಿಂದ ಒಂದು ಆತಂಕ ಹೇಳುತ್ತ ಬಂದಿದ್ದಾರೆ: ಯಂತ್ರಕ್ಕೆ ನಮ್ಮ ಸಂಕಟ ಅರ್ಥವಾಗುವುದಿಲ್ಲ, ಅರ್ಥವಾದಂತೆ ತೋರುತ್ತದೆ ಅಷ್ಟೆ. ಮುದುಕರ ಮಾತು ಕೇಳುವ ಕೆಲಸವನ್ನು ಅದಕ್ಕೊಪ್ಪಿಸಿ ಮಕ್ಕಳು ಎದ್ದುಹೋಗಬಾರದು. ವಯಸ್ಸಾದವನಾಗಿ ಹೇಳುತ್ತೇನೆ, ಈ ಮಾತು ಸತ್ಯ. ಹಾಗೆಂದು ನಿನ್ನ ಕೆಲಸ ಬೇಡವೆನ್ನುತ್ತಿಲ್ಲ. ಇಂಥ ರೋಬೋಟನ್ನು ನಡುವೆ ಇಟ್ಟುಕೊಂಡು ಅಜ್ಜಿಯೂ ಮೊಮ್ಮಗುವೂ ನರ್ಸೂ ಮಾತಿಗಿಳಿದರೆ, ಅದು ಸಾರ್ಥಕ.

ಆದ್ದರಿಂದ ಡಿಸೈನಿಗೆ ಕೂರುವ ಮುಂಚೆ ನಿನ್ನೂರಿನ ವೃದ್ಧಾಶ್ರಮಕ್ಕೆ ಹೋಗು. ಅವರ ಜೊತೆ ಕೂತು, ಅವರಿಗೇನು ಬೇಕೆಂದು ಅವರನ್ನೇ ಕೇಳು. ನಿನ್ನ ರೋಬೋಟ್ ಯಂತ್ರವೆಂಬುದನ್ನು ಅವರಿಂದ ಮುಚ್ಚಿಡಬೇಡ. ಮನುಷ್ಯರನ್ನು ಮನುಷ್ಯರ ಹತ್ತಿರಕ್ಕೆ ತರುವಂಥದ್ದನ್ನು ಮಾಡು. ನಿನ್ನಿಂದ ಖಂಡಿತ ಆಗುತ್ತದೆ.

ಇತಿ,
ನಿನ್ನ ಪ್ರೀತಿಯ ಅಜ್ಜ